ಹಳೇ ಆರ್‌ಎಸ್ಸೋ, ಹೊಸ ಸ್ಲಾವಿಯಾನೋ?

ಮೂರು ವಾರದಿಂದ ಇದೇ ತಲೆಬಿಸಿ. ಬೆಂಗಳೂರಿನಲ್ಲಿ ಒಂದು ಹಳೇ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಕಾರು ಮಾರಾಟಕ್ಕಿದೆ. ಅದೇ ಕಂಪನಿಯ ಹೊಸ ಸ್ಲಾವಿಯಾ, ಬೇಸ್ ಮಾಡೆಲ್, ಇನ್ನೊಂದು ಕಡೆ. ಆರ್‌ಎಸ್‌ನ 2 ಲೀಟರ್ ಟರ್ಬೊ, 230 ಪಿಎಸ್ (ಅಶ್ವಶಕ್ತಿ), 350 ನ್ಯೂಟನ್ ಮೀಟರ್ ಟಾರ್ಕ್ ನೋಡಿದ ಮೇಲೆ ಸ್ಲಾವಿಯಾದ 1 ಲೀಟರಿನ 115 ಪಿಎಸ್ ಎಂಜಿನ್ ಸಪ್ಪೆ ಅನ್ನಿಸುತ್ತದೆ, ಅಲ್ವಾ?

ಆದರೆ ಓಡಿಸೋದು ಎಲ್ಲಿ? ನಮ್ಮ ಬಳ್ಳಾರಿಯ ತೋರಣಗಲ್ಲು ದಾರಿಯಲ್ಲಿ ಅದಿರಿನ ಲಾರಿ ಹಿಂದೆ ಕೆಂಪು ಧೂಳು ನುಂಗುತ್ತಾ ಸಾಗುವಾಗ 230 ಪಿಎಸ್ ಇದ್ದರೂ ಒಂದೇ, 115 ಇದ್ದರೂ ಒಂದೇ. ಅದರ ಮೇಲೆ ಆರ್‌ಎಸ್‌ಗೆ ಎತ್ತರ ಕಡಿಮೆಯ (ಲೋ-ಪ್ರೊಫೈಲ್) ಟೈರು, ಇಲ್ಲಿ ಊರಿಗೊಂದು ಹಂಪು. ಏರ್ ಫಿಲ್ಟರ್ ಇಲ್ಲಿ ಬೇಗ ತುಂಬಿಕೊಳ್ಳುತ್ತದೆ. ಆರ್‌ಎಸ್‌ನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿನ ಆಯಿಲ್ಲನ್ನು 60,000 ಕಿಲೋಮೀಟರಿಗೊಮ್ಮೆ ಬದಲಿಸಲೇಬೇಕು, ಹಿಂದಿನವರು ಬದಲಿಸಿದ ಬಿಲ್ ಇಲ್ಲದಿದ್ದರೆ ನಾನಂತೂ ಮುಟ್ಟುವುದಿಲ್ಲ.

ಅಪ್ಪನದು ಒಂದೇ ಮಾತು. "ವಾರಂಟಿ ಇರೋದು ತಗೊಳ್ಳೋ, ಸುಮ್ನೆ ಗ್ಯಾರೇಜಿಗೆ ಅಲೀಬೇಡ." ಅವರು ಹೇಳೋದು ಸರಿ. ನನಗೂ ಗೊತ್ತು. ಆದರೂ ಮುಂಜಾನೆ ಐದಕ್ಕೆ ಎದ್ದು, ಲಾರಿಗಳು ಶುರುವಾಗೋ ಮೊದಲೇ ಸಂಡೂರಿನ ಗುಡ್ಡದ ತಿರುವುಗಳಲ್ಲಿ ಅದನ್ನು ಓಡಿಸೋ ಚಿತ್ರ ಕಣ್ಣಿಂದ ಹೋಗುತ್ತಿಲ್ಲ.

ಕೊನೆಗೆ ಆರ್‌ಎಸ್ ಕಡೆಗೇ ವಾಲಿದ್ದೇನೆ. ಆದರೆ ರಿಪೇರಿಗೆ ಅಂತಲೇ 2 ಲಕ್ಷ ಎತ್ತಿಟ್ಟು, ನನಗೆ ನಂಬಿಕೆಯಿರೋ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡೇ ಹೋಗೋದು. ಭಾನುವಾರ ರಾತ್ರಿ ಬಸ್ಸು. ಕಾರು ಬಿಳಿಯದು ಅಂದಾಗ ಅಮ್ಮ ನಕ್ಕರು, "ಬಳ್ಳಾರಿಗೆ ಬಂದು ಎರಡು ದಿನ ಆಗ್ಲಿ, ತಾನೇ ಕೆಂಪಾಗುತ್ತೆ ಬಿಡು."