ಎರಡು ಕೇಬಲ್ ಇದ್ದರೂ ಒಂದರಲ್ಲೇ ಓಡುತ್ತಿದ್ದ ಡೇಟಾ

ಕೊನೆಗೂ ಸೆಕೆಂಡಿಗೆ 1.88 ಗಿಗಾಬಿಟ್! ನಾಲ್ಕು ರಾತ್ರಿ ನಿದ್ದೆ ಕೆಡಿಸಿದ ಲ್ಯಾಗ್ (ಎಲ್‌ಎಜಿ, ಅಂದರೆ ಎರಡು ನೆಟ್‌ವರ್ಕ್ ಕೇಬಲ್ ಸೇರಿಸಿ ಒಂದೇ ಲಿಂಕ್‌ನಂತೆ ಬಳಸುವ ವ್ಯವಸ್ಥೆ) ನಿನ್ನೆ ದಾರಿಗೆ ಬಂತು.

ಸೆಟಪ್ ಮಾಮೂಲು. ಒಂದು ಕಡೆ ಎನ್‌ಎಎಸ್ (ನೆಟ್‌ವರ್ಕ್ ಮೂಲಕ ಫೈಲ್ ಕೊಡುವ ಸ್ಟೋರೇಜ್ ಪೆಟ್ಟಿಗೆ), ಇನ್ನೊಂದು ಕಡೆ ಲಿನಕ್ಸ್ ಡೆಸ್ಕ್‌ಟಾಪ್, ನಡುವೆ ಸ್ವಿಚ್. ಎರಡೂ ಮಷೀನಿಗೆ ಎರಡೆರಡು ಗಿಗಾಬಿಟ್ ಪೋರ್ಟ್. ಮಷೀನಿನಲ್ಲಿ ಎರಡು ಪೋರ್ಟನ್ನು ಒಂದಾಗಿಸುವ ಬಾಂಡಿಂಗ್ ಮೋಡ್ 4, ಸ್ವಿಚ್‌ನಲ್ಲಿ ಎಲ್‌ಎಸಿಪಿ (ಯಾವ ಪೋರ್ಟ್ ಗುಂಪಿಗೆ ಅಂತ ಎರಡೂ ಕಡೆ ಮಾತಾಡಿಕೊಳ್ಳುವ ಪ್ರೋಟೋಕಾಲ್) ಆಕ್ಟಿವ್.

ಮೊದಲ ರಾತ್ರಿ ಹೋಗಿದ್ದು ಕೇಬಲ್‌ಗೆ. ಒಂದು ಪೋರ್ಟಿನ ಅಗ್ರಿಗೇಟರ್ ಐಡಿ (ಯಾವ ಗುಂಪಿನದು ಅನ್ನುವ ಸಂಖ್ಯೆ) ಬೇರೆ ತೋರಿಸುತ್ತಿತ್ತು. ನೋಡಿದರೆ ಆ ಪೋರ್ಟ್ 100 ಎಂಬಿಪಿಎಸ್‌ಗೆ ಇಳಿದಿದೆ. ವೇಗ ಬೇರೆಯಾದರೆ ಗುಂಪಿಗೆ ಸೇರಿಸಲ್ಲ, ಅಲ್ವಾ? ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು. ಹೊಸ ಕೇಬಲ್‌ನಲ್ಲೇ ಒಂದು ಜೋಡಿ ಕಟ್ ಆಗಿತ್ತು. ಮಾರುವ ಮುಂಚೆ ಒಂದು ಸಲ ಟೆಸ್ಟರ್‌ಗೆ ಹಾಕಿ ನೋಡೋಕೆ ಏನು ಕಷ್ಟ?

ಆದರೆ ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಕೇಬಲ್ ಬದಲಿಸಿದೆ, ಎಲ್ಲ ಪೋರ್ಟೂ ಗುಂಪಿಗೆ ಸೇರಿದವು. ಎನ್‌ಎಎಸ್‌ನಿಂದ ಡೆಸ್ಕ್‌ಟಾಪ್‌ಗೆ ವೇಗ ಅಳೆಯುವ ಐಪರ್ಫ್3ನಲ್ಲಿ ಎಂಟು ಸ್ಟ್ರೀಮ್ (ಬೇರೆ ಬೇರೆ ಕನೆಕ್ಷನ್) ಬಿಟ್ಟೆ. 941 ಎಂಬಿಪಿಎಸ್, ಅಂದರೆ ಒಂದೇ ಕೇಬಲ್‌ನ ವೇಗ. ಎರಡೂ ಮಷೀನಿನಲ್ಲಿ ಹ್ಯಾಶ್ ಪಾಲಿಸಿ (ಯಾವ ಡೇಟಾ ಯಾವ ತಂತಿಗೆ ಅಂತ ಲೆಕ್ಕ ಹಾಕುವ ನಿಯಮ) ಲೇಯರ್ 3+4 ಮಾಡಿದೆ, ಅಂದರೆ ಐಪಿ ವಿಳಾಸದ ಜೊತೆ ಕನೆಕ್ಷನ್‌ನ ಪೋರ್ಟ್ ಸಂಖ್ಯೆಯನ್ನೂ ನೋಡುವ ಹಾಗೆ. ಮತ್ತೆ 941. ಮೂರನೇ ರಾತ್ರಿಯೂ ಅದೇ 941.

ದಾರಿ ತೋರಿಸಿದ್ದು ಸ್ವಿಚ್‌ನ ಪೋರ್ಟ್ ಕೌಂಟರ್. ಎನ್‌ಎಎಸ್ ಕಡೆಯ 1 ಮತ್ತು 2ನೇ ಪೋರ್ಟ್ ಎರಡರಲ್ಲೂ ಡೇಟಾ ಒಳಗೆ ಬರುತ್ತಿತ್ತು. ಡೆಸ್ಕ್‌ಟಾಪ್ ಕಡೆ ಮಾತ್ರ 5ನೇ ಪೋರ್ಟ್ ತುಂಬಿ ತುಳುಕುತ್ತಿದೆ, 6 ಖಾಲಿ! ಯಾವ ತಂತಿಯಲ್ಲಿ ಕಳಿಸಬೇಕು ಅಂತ ಕಳಿಸುವವರೇ ತೀರ್ಮಾನಿಸುತ್ತಾರೆ. ಎನ್‌ಎಎಸ್ ತನ್ನ ಪಾಲಿನ ಕೆಲಸ ಸರಿಯಾಗಿ ಮಾಡಿತ್ತು. ಡೆಸ್ಕ್‌ಟಾಪ್‌ಗೆ ಕಳಿಸುವುದು ಸ್ವಿಚ್, ಅದು ಮ್ಯಾಕ್ ವಿಳಾಸ (ಮಷೀನಿನ ನೆಟ್‌ವರ್ಕ್ ಗುರುತು) ನೋಡಿ ಹಂಚುತ್ತಿತ್ತು. ಎರಡೇ ಮಷೀನ್ ಅಂದರೆ ಒಂದೇ ಜೋಡಿ ಮ್ಯಾಕ್. ಎಂಟಲ್ಲ, ಎಂಬತ್ತು ಸ್ಟ್ರೀಮ್ ಬಿಟ್ಟರೂ ಹ್ಯಾಶ್ ಅದೇ, ತಂತಿ ಅದೇ.

ಐಪಿ ಹ್ಯಾಶ್‌ಗೆ ಬದಲಿಸಿದರೂ ಉಪಯೋಗವಾಗಲಿಲ್ಲ, ಐಪಿ ಜೋಡಿಯೂ ಒಂದೇ ತಾನೇ! ಟಿಸಿಪಿ ಪೋರ್ಟನ್ನೂ (ಕೇಬಲ್ ಹಾಕುವ ಪೋರ್ಟಲ್ಲ, ಕನೆಕ್ಷನ್‌ನ ಸಂಖ್ಯೆ) ಸೇರಿಸಿಕೊಳ್ಳುವ ಆಯ್ಕೆ ಬೇಕು. ಅದು ಲ್ಯಾಗ್ ಪುಟದಲ್ಲಿ ಇರಲೇ ಇಲ್ಲ, ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ ಎಲ್ಲೋ ಮೂಲೆಯಲ್ಲಿತ್ತು. ಮ್ಯಾನುಯಲ್‌ನಲ್ಲಿ ಅದರ ಬಗ್ಗೆ ಒಂದೇ ಸಾಲು. ಇಷ್ಟು ಮುಖ್ಯವಾದದ್ದನ್ನು ಹೀಗೆ ಬಚ್ಚಿಡಬಾರದು. ಆನ್ ಮಾಡಿದೆ, 6ನೇ ಪೋರ್ಟಿನ ದೀಪ ಪಟಪಟ ಮಿನುಗಿತು. ಕುರ್ಚಿಯಿಂದ ಎದ್ದುಬಿಟ್ಟೆ.

ಎನ್‌ಎಫ್‌ಎಸ್‌ನಲ್ಲಿ (ಎನ್‌ಎಎಸ್‌ನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಬಳಸುವ ವಿಧಾನ) ಫೈಲ್ ಕಾಪಿ ಮಾಡಿದರೆ ಈಗಲೂ ಒಂದೇ ಲಿಂಕ್‌ನ ವೇಗ. ಅದು ಬಳಸುವುದು ಒಂದೇ ಟಿಸಿಪಿ ಕನೆಕ್ಷನ್. ಒಂದು ಕನೆಕ್ಷನ್ ಒಂದೇ ತಂತಿಯಲ್ಲಿ ಹೋಗಬೇಕು, ಇಲ್ಲದಿದ್ದರೆ ಪ್ಯಾಕೆಟ್‌ಗಳು ಹಿಂದುಮುಂದಾಗುತ್ತವೆ. ಹಾಗಾಗಿ ಮುಂದಿನ ಪ್ರಾಜೆಕ್ಟ್ ಎನ್‌ಕನೆಕ್ಟ್. ಲಿನಕ್ಸ್ 5.3ರಿಂದ ಇರುವ ಮೌಂಟ್ (ಫೋಲ್ಡರ್ ಜೋಡಿಸುವ) ಆಯ್ಕೆ ಇದು, ಒಂದೇ ಮೌಂಟ್‌ಗೆ 16 ಕನೆಕ್ಷನ್‌ವರೆಗೆ ತೆರೆಯುತ್ತದೆ. ಮೊದಲು 4, ಆಮೇಲೆ 8. ಈ ಸಲ ಕೌಂಟರ್ ಪುಟ ಮೊದಲೇ ತೆರೆದಿಟ್ಟುಕೊಂಡು ಕೂರುತ್ತೇನೆ.