ಗರ್ಭಕೋಶದ ವಿದ್ಯುತ್ ಸಂಕೇತದಿಂದ ದಿನ ತುಂಬದ ಹೆರಿಗೆಯನ್ನು ಮೊದಲೇ ತಿಳಿಯಬಹುದೇ?

29 ವಾರದ ಗರ್ಭಿಣಿಯೊಬ್ಬರು ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುತ್ತಿದೆ ಎಂದು ಆಸ್ಪತ್ರೆಗೆ ಬಂದಾಗ, ಅದು ನಿಜವಾದ ಹೆರಿಗೆ ನೋವೋ ಅಥವಾ ತಾನಾಗಿಯೇ ಇಳಿದುಹೋಗುವ ಬಿಗಿತವೋ ಎಂಬುದನ್ನು ವೈದ್ಯರು ಆಗಲೇ ನಿರ್ಧರಿಸಬೇಕಾಗುತ್ತದೆ. ಇಂತಹ ಲಕ್ಷಣಗಳೊಂದಿಗೆ ದಾಖಲಾಗುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಿನ ತುಂಬಿದ ಮೇಲೆಯೇ ಹೆರಿಗೆಯಾಗುತ್ತದೆ. ಉಳಿದವರು ಯಾರು ಎಂಬುದನ್ನು ಗರ್ಭಕೋಶದ ವಿದ್ಯುತ್ ಚಟುವಟಿಕೆಯಿಂದ ತಿಳಿಯಬಹುದೇ ಎಂಬ ಸಂಶೋಧನೆಯನ್ನು, ಸಂಕೇತ ಸಂಸ್ಕರಣೆಯ ಕೆಲಸದಲ್ಲಿರುವ ನಾನು ಬಹಳ ಕಾಲದಿಂದ ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ. ಅದರ ಮೂಲತತ್ವದ ಬಗ್ಗೆ ನನಗೆ ಗೌರವವಿದೆ. ಅದರ ಹೆಸರಿನಲ್ಲಿ ಪ್ರಕಟವಾದ ಅನೇಕ ಅಂಕಿಗಳ ಬಗ್ಗೆ ಅಷ್ಟಿಲ್ಲ.

37 ವಾರ ತುಂಬುವ ಮುನ್ನ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 1.34 ಕೋಟಿ ಶಿಶುಗಳು, ಎಂದರೆ ಹುಟ್ಟಿದ ಪ್ರತಿ ಹತ್ತು ಶಿಶುಗಳಲ್ಲಿ ಒಂದು, ಹೀಗೆ ಅವಧಿಗೆ ಮೊದಲೇ ಜನಿಸಿದವು. ಹೆರಿಗೆಯನ್ನು ತಡೆಯುವ ಔಷಧಿಗಳು ಹೆಚ್ಚೆಂದರೆ ಎರಡು ದಿನಗಳ ಕಾಲಾವಕಾಶ ಕೊಡಬಲ್ಲವು. ಆ ಎರಡು ದಿನಗಳು ಅಮೂಲ್ಯವಾಗಿರುವುದಕ್ಕೆ ಕಾರಣ ಸ್ಟಿರಾಯ್ಡ್ ಚುಚ್ಚುಮದ್ದು. ತಾಯಿಗೆ ಕೊಟ್ಟ ಸ್ಟಿರಾಯ್ಡ್ ಹೊಟ್ಟೆಯಲ್ಲಿರುವ ಶಿಶುವಿನ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದರು. ಆದರೆ ಚುಚ್ಚುಮದ್ದು ಕೊಟ್ಟ ಒಂದು ದಿನದ ನಂತರ, ಒಂದು ವಾರದೊಳಗೆ ಹೆರಿಗೆಯಾದರೆ ಅದರ ಪ್ರಯೋಜನ ಹೆಚ್ಚು. ಹೀಗಾಗಿ ವೈದ್ಯರಿಗೆ ನಿಜವಾಗಿ ಬೇಕಾಗಿರುವುದು ‘ಇನ್ನು ಏಳು ದಿನಗಳೊಳಗೆ ಹೆರಿಗೆಯಾಗುತ್ತದೆಯೇ’ ಎಂಬ ಕಿರಿದಾದ ಪ್ರಶ್ನೆಗೆ ಉತ್ತರ.

ಈಗಿರುವ ಸಾಧನಗಳು ಈ ಪ್ರಶ್ನೆಯನ್ನು ಅರ್ಧ ಮಾತ್ರ ಉತ್ತರಿಸುತ್ತವೆ. ಹೊಟ್ಟೆಯ ಸುತ್ತ ಕಟ್ಟುವ ಟೋಕೋ ಪಟ್ಟಿಯು ಹೊಟ್ಟೆ ಎಷ್ಟು ಹೊತ್ತಿಗೊಮ್ಮೆ ಬಿಗಿಯುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಆ ಬಿಗಿತಕ್ಕೆ ಗರ್ಭಕಂಠವನ್ನು ತೆರೆಯುವ ಬಲವಿದೆಯೇ ಎಂಬುದನ್ನು ಹೇಳುವುದಿಲ್ಲ. ಅದನ್ನೇ ಮನೆಗೆ ಕೊಂಡೊಯ್ದು ದಿನವೂ ಅಳೆಯುವ ಪದ್ಧತಿಯನ್ನು ದೊಡ್ಡ ಪ್ರಯೋಗಗಳಲ್ಲಿ ಪರೀಕ್ಷಿಸಿದಾಗ ಅವಧಿಪೂರ್ವ ಹೆರಿಗೆಗಳೇನೂ ಕಡಿಮೆಯಾಗಲಿಲ್ಲ. ಗರ್ಭಕಂಠದ ಉದ್ದವನ್ನು ಸ್ಕ್ಯಾನ್ ಮಾಡಿ ನೋಡುವುದು ಮತ್ತು ಯೋನಿಸ್ರಾವದಲ್ಲಿ ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಹುಡುಕುವುದು ಇದಕ್ಕಿಂತ ಉತ್ತಮ. ಆದರೆ ಇವೆರಡೂ ‘ಸದ್ಯಕ್ಕೆ ಹೆರಿಗೆಯಾಗುವುದಿಲ್ಲ’ ಎಂದಾಗ ನಂಬಲು ಯೋಗ್ಯವಾದಷ್ಟು ‘ಆಗುತ್ತದೆ’ ಎಂದಾಗ ಅಲ್ಲ.

ವಿದ್ಯುತ್ ಸಂಕೇತದ ಕಡೆಗೆ ಗಮನ ಹರಿಯುವುದು ಇಲ್ಲಿಯೇ. ಗರ್ಭಕೋಶದ ಗೋಡೆ ಅನೈಚ್ಛಿಕ ಸ್ನಾಯುವಿನಿಂದಾಗಿದೆ. ಅದರ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಅಯಾನುಗಳು ನುಗ್ಗಿದಾಗ ವಿದ್ಯುತ್ ಸ್ಪಂದನ ಹುಟ್ಟುತ್ತದೆ, ಸ್ಪಂದನಗಳ ಸಾಲು ಸ್ನಾಯುವನ್ನು ಸಂಕುಚಿಸುತ್ತದೆ. ಹೃದಯದಲ್ಲಿರುವಂತೆ ತಾಳ ನಿಗದಿಪಡಿಸುವ ಒಂದು ಸ್ಥಿರ ಜಾಗ ಗರ್ಭಕೋಶದಲ್ಲಿಲ್ಲ. ಒಂದು ಸಂಕೋಚನ ಇಲ್ಲಿ ಆರಂಭವಾದರೆ ಮುಂದಿನದು ಬೇರೆಲ್ಲೋ ಆರಂಭವಾಗಬಹುದು. ಗರ್ಭಾವಸ್ಥೆಯ ಬಹುಭಾಗ ಈ ಜೀವಕೋಶಗಳ ನಡುವೆ ವಿದ್ಯುತ್ ಸಂಪರ್ಕ ತೀರಾ ಕಡಿಮೆಯಿರುವುದರಿಂದ ಅಲ್ಲಲ್ಲಿ ಹುಟ್ಟಿದ ಸ್ಪಂದನ ಅಲ್ಲಲ್ಲೇ ಅಡಗಿಹೋಗುತ್ತದೆ. ಹೆರಿಗೆ ಹತ್ತಿರವಾದಂತೆ ಕನೆಕ್ಸಿನ್-43 ಎಂಬ ಪ್ರೋಟೀನಿನಿಂದಾದ ಸಣ್ಣ ಕಾಲುವೆಗಳು ಜೀವಕೋಶಗಳ ನಡುವೆ ದೊಡ್ಡ ಸಂಖ್ಯೆಯಲ್ಲಿ ತೆರೆದುಕೊಳ್ಳುತ್ತವೆ. ಗಾರ್ಫೀಲ್ಡ್ ಮತ್ತು ಸಹೋದ್ಯೋಗಿಗಳು 1977ರಲ್ಲಿ ಈ ಬದಲಾವಣೆಯ ಮಹತ್ವವನ್ನು ಎತ್ತಿ ತೋರಿಸಿದರು. ಆಗ ಒಂದು ಮೂಲೆಯಲ್ಲಿ ಹುಟ್ಟಿದ ಅಲೆ ಇಡೀ ಗರ್ಭಕೋಶವನ್ನು ಹಾಯುತ್ತದೆ, ಎಲ್ಲ ಭಾಗಗಳೂ ಒಟ್ಟಾಗಿ ದುಡಿಯುತ್ತವೆ. ಈ ಸಿದ್ಧತೆ ನೋವು ತೀವ್ರವಾಗುವ ಮೊದಲೇ ನಡೆಯುವುದಾದರೆ, ಅದನ್ನು ಹೊಟ್ಟೆಯ ಚರ್ಮದ ಮೇಲಿಟ್ಟ ಎಲೆಕ್ಟ್ರೋಡುಗಳಿಂದ ಅಳೆಯಬಹುದು ಎಂಬುದೇ ಎಲೆಕ್ಟ್ರೋಹಿಸ್ಟರೋಗ್ರಫಿಯ ಆಧಾರ. ತತ್ವ ಹೊಸದಲ್ಲ, ಸ್ಟೀರ್ ಮತ್ತು ಹರ್ಟ್ಶ್ 1950ರಲ್ಲೇ ಹೆರಿಗೆಯ ವೇಳೆಯ ಇಂತಹ ದಾಖಲೆಗಳನ್ನು ಪ್ರಕಟಿಸಿದ್ದರು.

ಸ್ಲೊವೇನಿಯದ ಲ್ಯುಬ್ಲ್ಯಾನಾದಲ್ಲಿ 1997ರಿಂದ 2005ರವರೆಗೆ ಸಂಗ್ರಹಿಸಿದ ದಾಖಲೆಗಳು ಈಗ ಯಾರು ಬೇಕಾದರೂ ಬಳಸಲು ಮುಕ್ತವಾಗಿವೆ. ಹೊಕ್ಕುಳಿನ ಮೇಲೆ ಎರಡು, ಕೆಳಗೆ ಎರಡು ಎಲೆಕ್ಟ್ರೋಡುಗಳನ್ನು 7 ಸೆಂಟಿಮೀಟರ್ ಅಂತರದಲ್ಲಿಟ್ಟು ಅರ್ಧ ಗಂಟೆ ಮಾಡಿದ ದಾಖಲೆಗಳಿವು. ಒಂದನ್ನು ಹಾಗೆಯೇ ತೆರೆದು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಗರ್ಭಕೋಶವಲ್ಲ, ತಾಯಿಯ ಉಸಿರಾಟ: ಗೆರೆ ನಿಧಾನವಾಗಿ ಏರಿಳಿಯುತ್ತಿರುತ್ತದೆ. ಅದರ ಮೇಲೆ ತಾಯಿಯ ಹೃದಯ ಬಡಿತ ಸಮ ಅಂತರದಲ್ಲಿ ಕೂತಿರುತ್ತದೆ. ನಮಗೆ ಬೇಕಾದ ಸಂಕೇತದ ಆವರ್ತನ, ಎಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದು, ಬಹುಪಾಲು 0.3ರಿಂದ 1 ಹರ್ಟ್ಜ್‌ ನಡುವೆ, ಅಂದರೆ ಉಸಿರಾಟಕ್ಕೂ ಹೃದಯಕ್ಕೂ ಮಧ್ಯದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ. ಎರಡೂ ಬದಿಯನ್ನು ಸೋಸಿ ತೆಗೆದ ಮೇಲೆ ಕೆಲವು ದಾಖಲೆಗಳಲ್ಲಿ ದೀರ್ಘ ಮೌನದ ನಡುವೆ ಅಲೆಗಳ ಗೊಂಚಲೊಂದು ಮೇಲೆದ್ದು ತಗ್ಗುವುದು ಕಾಣುತ್ತದೆ, ಅದು ಸಂಕೋಚನ. ಹಲವು ದಾಖಲೆಗಳಲ್ಲಿ, ವಿಶೇಷವಾಗಿ 22ನೇ ವಾರದ ಸುಮಾರಿನವುಗಳಲ್ಲಿ, ಅಷ್ಟು ಸ್ಪಷ್ಟವಾದದ್ದೇನೂ ಸಿಗುವುದಿಲ್ಲ. ದಿನ ತುಂಬಿ ಹೆತ್ತವರದ್ದು ಯಾವುದು, ಮೊದಲೇ ಹೆತ್ತವರದ್ದು ಯಾವುದು ಎಂದು ನಾನಂತೂ ಗೆರೆ ನೋಡಿ ಹೇಳಲಾರೆ.

ಅದಕ್ಕಾಗಿಯೇ ಕಂಪ್ಯೂಟರೇ ದಾಖಲೆಗಳನ್ನು ನೋಡಿ ವ್ಯತ್ಯಾಸ ಕಲಿಯುವ ವಿಧಾನಗಳು ಬಂದವು, ತೊಡಕೂ ಅಲ್ಲಿಂದಲೇ ಹೆಚ್ಚಿತು. ಈ ಸಂಗ್ರಹದಲ್ಲಿರುವುದು 300 ದಾಖಲೆಗಳು. 262 ದಿನ ತುಂಬಿದ ಹೆರಿಗೆಯವು, 38 ಮಾತ್ರ ಅವಧಿಪೂರ್ವದವು. ಸಂಕೇತವನ್ನು ನೋಡದೆಯೇ ಎಲ್ಲರಿಗೂ ‘ದಿನ ತುಂಬುತ್ತದೆ’ ಎಂದು ಹೇಳುವ ಪ್ರೋಗ್ರಾಮು ಕೂಡ ಶೇ. 87ರಷ್ಟು ಸರಿಯಾಗಿರುತ್ತದೆ. ಈ ಅಸಮತೋಲನವನ್ನು ಸರಿಪಡಿಸಲು ಅನೇಕರು ಆ 38 ದಾಖಲೆಗಳನ್ನು ಆಧರಿಸಿ ಕೃತಕ ದಾಖಲೆಗಳನ್ನು ಸೃಷ್ಟಿಸಿದರು. ಅದರಲ್ಲಿ ತಪ್ಪಿಲ್ಲ. ಆದರೆ ಕೃತಕ ದಾಖಲೆಗಳನ್ನು ಮೊದಲು ಸೃಷ್ಟಿಸಿ, ಆಮೇಲೆ ಎಲ್ಲವನ್ನೂ ಬೆರೆಸಿ ಕಲಿಕೆಗೆ ಒಂದಿಷ್ಟು, ಪರೀಕ್ಷೆಗೆ ಒಂದಿಷ್ಟು ಎಂದು ಹಂಚಿದರೆ, ಪರೀಕ್ಷೆಯಲ್ಲಿರುವ ದಾಖಲೆಯ ನೆರಳು ಕಲಿಕೆಯಲ್ಲಿ ಆಗಲೇ ಬಂದಿರುತ್ತದೆ. ಪ್ರಶ್ನೆಪತ್ರಿಕೆ ಸೋರಿಕೆಯಾದ ಪರೀಕ್ಷೆಯಲ್ಲಿ ಬಂದ ಅಂಕಗಳಷ್ಟೇ ಬೆಲೆ ಆ ಫಲಿತಾಂಶಕ್ಕೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಇದೇ ಸಂಗ್ರಹದ ಮೇಲಿನ ಬಹುತೇಕ ಪರಿಪೂರ್ಣವೆನಿಸಿದ್ದ ಫಲಿತಾಂಶಗಳು ಈ ಕ್ರಮದೋಷವನ್ನು ಸರಿಪಡಿಸಿದ ಕೂಡಲೇ ಹೇಗೆ ಕುಸಿಯುತ್ತವೆ ಎಂಬುದನ್ನು ತೋರಿಸಿದರು. ಈ ಕ್ಷೇತ್ರದಲ್ಲಿ ಶೇ. 95ಕ್ಕಿಂತ ಹೆಚ್ಚಿನ ನಿಖರತೆಯನ್ನು ಹೇಳಿಕೊಳ್ಳುವ ಲೇಖನ ಕಂಡರೆ ನಾನು ಮೊದಲು ತಿರುವುವುದು ದತ್ತಾಂಶವನ್ನು ಹಂಚಿದ ವಿಧಾನವನ್ನು ವಿವರಿಸುವ ಪುಟವನ್ನು.

ಇನ್ನೂ ಮೂಲಭೂತವಾದ ಸಂಶಯವೊಂದಿದೆ. ಸೋಂಕು, ನೆತ್ತಿನೀರು ಬೇಗ ಒಡೆಯುವುದು, ಗರ್ಭಕಂಠದ ದೌರ್ಬಲ್ಯ, ಅವಳಿ ಗರ್ಭ, ಹೀಗೆ ಅವಧಿಪೂರ್ವ ಹೆರಿಗೆಗೆ ಕಾರಣಗಳು ಹಲವು. ರಕ್ತದೊತ್ತಡ ಏರಿ ತಾಯಿಯನ್ನು ಉಳಿಸಲು ವೈದ್ಯರೇ ಹೆರಿಗೆ ಮಾಡಿಸುವ ಸಂದರ್ಭಗಳಂತೂ ಗರ್ಭಕೋಶದ ಸ್ನಾಯುವಿನಿಂದ ತಿಳಿಯುವಂಥವಲ್ಲ. 33ನೇ ವಾರದಲ್ಲಿ ಬರಲಿರುವ ಸೋಂಕಿನ ಸುಳಿವು 22ನೇ ವಾರದ ಅರ್ಧ ಗಂಟೆಯಲ್ಲಿ ಏಕೆ ಇರಬೇಕು? ಆದ್ದರಿಂದ ತಿಂಗಳುಗಳ ಮುಂಚಿನ ಭವಿಷ್ಯವಾಣಿಗಿಂತ, ನೋವೆಂದು ಈಗಾಗಲೇ ಬಂದವರಲ್ಲಿ ಏಳು ದಿನಗಳ ಪ್ರಶ್ನೆಯನ್ನು ಕೇಳುವ ಅಧ್ಯಯನಗಳೇ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತವೆ. ಲುಚೋವ್ನಿಕ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲೆ ಹರಡುವ ವೇಗ ಮತ್ತು ಅದರ ಪ್ರಧಾನ ಆವರ್ತನವನ್ನು ಒಟ್ಟಿಗೆ ಪರಿಗಣಿಸಿದಾಗ, ಗರ್ಭಕಂಠದ ಉದ್ದ ಮತ್ತು ಟೋಕೋ ದಾಖಲೆಗಿಂತ ಉತ್ತಮ ಉತ್ತರ ದೊರೆಯಿತು. ವೇಗವು ಜೀವಕೋಶಗಳ ನಡುವಿನ ಸಂಪರ್ಕವನ್ನು ನೇರವಾಗಿ ಪ್ರತಿಬಿಂಬಿಸುವುದರಿಂದ ಇದು ಶರೀರಶಾಸ್ತ್ರಕ್ಕೂ ಒಪ್ಪುತ್ತದೆ. ಭಾಗವಹಿಸಿದ ಮಹಿಳೆಯರ ಸಂಖ್ಯೆ ಮಾತ್ರ ಚಿಕ್ಕದು.

ರೋಗಲಕ್ಷಣವಿಲ್ಲದ ಎಲ್ಲ ಗರ್ಭಿಣಿಯರಿಗೂ ಇದನ್ನು ಅನ್ವಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕ ಸಾಕು. 1000 ಮಂದಿಯಲ್ಲಿ 100 ಮಂದಿಗೆ ಅವಧಿಪೂರ್ವ ಹೆರಿಗೆಯಾಗುತ್ತದೆ ಎಂದುಕೊಳ್ಳೋಣ. ಪರೀಕ್ಷೆ ಎರಡೂ ಕಡೆ ಶೇ. 80ರಷ್ಟು ಸರಿಯಾಗಿದ್ದರೆ ಆ 100ರಲ್ಲಿ 80 ಮಂದಿಯನ್ನು ಹಿಡಿಯುತ್ತದೆ. ಉಳಿದ 900ರಲ್ಲಿ 180 ಮಂದಿಯನ್ನು ಕಾರಣವಿಲ್ಲದೆ ಹೆದರಿಸುತ್ತದೆ. ಎಚ್ಚರಿಕೆ ಪಡೆದ 260 ಮಂದಿಯಲ್ಲಿ ಮೂರನೇ ಎರಡಕ್ಕಿಂತ ಹೆಚ್ಚಿನವರಿಗೆ ಅದು ಸುಳ್ಳು ಎಚ್ಚರಿಕೆ.

ಐಸ್‌ಲೆಂಡಿನ ಇಂತಹದೇ ಇನ್ನೊಂದು ಸಂಗ್ರಹದಲ್ಲಿ 16 ಎಲೆಕ್ಟ್ರೋಡುಗಳ ಜಾಲವಿರುವುದರಿಂದ ಅಲೆ ಎತ್ತ ಸಾಗುತ್ತಿದೆ ಎಂಬುದನ್ನು ನಾಲ್ಕೇ ಎಲೆಕ್ಟ್ರೋಡುಗಳಿಗಿಂತ ಚೆನ್ನಾಗಿ ಗುರುತಿಸಬಹುದು. ಆದರೆ ಅಲ್ಲಿರುವುದು 45 ಮಹಿಳೆಯರ 122 ದಾಖಲೆಗಳಷ್ಟೇ. ಇಂತಹ ಜಾಲವನ್ನು ಹಲವು ಆಸ್ಪತ್ರೆಗಳಲ್ಲಿ, ನೋವೆಂದು ದಾಖಲಾದ ಸಾವಿರಾರು ಗರ್ಭಿಣಿಯರ ಮೇಲಿಟ್ಟು, ಒಬ್ಬರ ದಾಖಲೆಗಳೆಲ್ಲವೂ ಕಲಿಕೆ ಅಥವಾ ಪರೀಕ್ಷೆ ಇವೆರಡರಲ್ಲಿ ಒಂದರಲ್ಲೇ ಇರುವಂತೆ ಹಂಚಿ, ಫೈಬ್ರೊನೆಕ್ಟಿನ್ ಮತ್ತು ಗರ್ಭಕಂಠದ ಸ್ಕ್ಯಾನಿನ ಪಕ್ಕದಲ್ಲಿಟ್ಟು ಹೋಲಿಸುವ ಅಧ್ಯಯನವನ್ನು ನಾನು ಎದುರು ನೋಡುತ್ತಿದ್ದೇನೆ.