ದೇವರಿಗೆ ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ

ಮದುವೆಯಾಗಿ ಧಾರವಾಡಕ್ಕೆ ಹೋದ ಮೊದಲ ವಾರವೇ ಅತ್ತೆ ನನ್ನನ್ನು ಹಿಡಿದರು. ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂತು ಪ್ರಾರ್ಥನೆ ಮಾಡುತ್ತಿದ್ದೆವು. ಅವರು ‘ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ...’ ಅಂದರು. ನನ್ನ ಬಾಯಿಂದ ಬಂದದ್ದು ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ, ನಿಮ್ಮ...’

ಪ್ರಾರ್ಥನೆ ಮುಗಿದ ಮೇಲೆ ಕೇಳಿದರು: “ದೇವರಿಗೆ ನೀವು ಅಂತೀರೇನವಾ? ಮೂರು ಮಂದಿ ಅದಾರಂತ ಬಹುವಚನ ಹಚ್ಚೀರೇನು?”

ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ಆದ ತ್ರಿಯೇಕ ದೇವರ ಮೇಲೆ ಅಷ್ಟು ಚೆನ್ನಾದ ತಮಾಷೆಯನ್ನು ನಾನು ಯಾವ ಪಾದ್ರಿಯ ಬಾಯಲ್ಲೂ ಕೇಳಿಲ್ಲ.

ಅತ್ತೆಯದು ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥೆಯ ಕಾಲದ ಮನೆತನ, ಈಗ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಸಿಎಸ್‌ಐ. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಜರ್ಮನ್ ಮಾತಾಡುವ ಆ ಜನ ಕನ್ನಡ ಕಲಿತು ಕನ್ನಡದಲ್ಲೇ ಬೋಧಿಸಿದರು. ಅದೇ ಮಿಷನ್ನಿನ ಕಿಟೆಲ್ ಬರೆದ 1894ರ ಕನ್ನಡ ನಿಘಂಟಿನ ಮಾತು ಬಂದರೆ ಅತ್ತೆ ಇವತ್ತಿಗೂ ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತಾರೆ, ತಾವೇ ಕೂತು ಬರೆದ ಹಾಗೆ. ಅವರಿಗೆ ಕ್ರೈಸ್ತರಾಗಿರುವುದೂ ಕನ್ನಡದವರಾಗಿರುವುದೂ ಬೇರೆಬೇರೆಯಲ್ಲ. ಭಾನುವಾರ ‘ಆರಾಧನೆ’, ಕೈಯಲ್ಲಿ ‘ಸತ್ಯವೇದ’, ಅಂದರೆ ಬೈಬಲ್.

ನಾನು ಬಂಟ್ವಾಳದ ಕಡೆಯ ಕೊಂಕಣಿ ಕ್ಯಾಥೊಲಿಕ್. ನಮ್ಮ ಧರ್ಮದ ಮಾತೆಲ್ಲ ಗೋವಾದಿಂದ ಪೋರ್ಚುಗೀಸ್ ಹೊತ್ತು ಬಂದದ್ದು: ಚರ್ಚಿಗೆ ಇಗರ್ಜ್, ಬಲಿಪೂಜೆಗೆ ಮೀಸ್, ಜಪಮಾಲೆಗೆ ತೇರ್ಸ್. ಬರೆಯುವುದು ಮಾತ್ರ ಕನ್ನಡ ಲಿಪಿಯಲ್ಲಿ. ಮೀಸ್ ಲ್ಯಾಟಿನ್ನಿನಲ್ಲಿದ್ದ ಕಾಲ ಅಮ್ಮನಿಗೆ ನೆನಪಿದೆ. 1960ರ ದಶಕದ ವ್ಯಾಟಿಕನ್ ಮಹಾಸಭೆಯ ನಂತರವೇ ಅದು ನಮ್ಮ ಭಾಷೆಗಳಿಗೆ ಬಂದದ್ದು. ಅದಕ್ಕೆ ಮುಂಚೆ ಪಾದ್ರಿ ಬೆನ್ನು ತೋರಿಸಿ ಏನೋ ಹೇಳುತ್ತಿದ್ದರು, ಹೆಂಗಸರು ಹಿಂದೆ ಕೂತು ಕೊಂಕಣಿಯಲ್ಲಿ ತೇರ್ಸ್ ಎಣಿಸುತ್ತಿದ್ದರು.

ಆ ಕೊಂಕಣಿಯಲ್ಲಿ ನಾವೂ ದೇವರಿಗೆ ‘ತುಂ’ ಅನ್ನುವವರೇ, ಅಂದರೆ ನೀನು. ‘ನೀವು’ ನನಗೆ ಅಂಟಿಕೊಂಡದ್ದು ಓದಲು ಬೆಂಗಳೂರಿಗೆ ಹೋದ ಮೇಲೆ, ಅಲ್ಲಿನ ಕ್ಯಾಥೊಲಿಕರ ಕನ್ನಡ ಪೂಜೆಯಿಂದ. ನಮ್ಮ ಚರ್ಚಿನ ಬಾಗಿಲ ಬೋರ್ಡಿನಲ್ಲಿ ತಮಿಳು, ಕನ್ನಡ, ಇಂಗ್ಲಿಷ್ ಪೂಜೆಗಳಿಗೆ ಬೇರೆಬೇರೆ ಹೊತ್ತು. ಯಾವ ಭಾಷೆಗೆ ಯಾವ ಹೊತ್ತು ಅಂತ ಜಗಳವಾದದ್ದನ್ನೂ ನೋಡಿದ್ದೇನೆ. ನಂಬಿಕೆಯ ವಿಷಯಕ್ಕೆ ಅಲ್ಲಿ ಯಾರೂ ಅಷ್ಟು ಗಂಟಲು ಹರಿದುಕೊಂಡದ್ದಿಲ್ಲ.

ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯನ್ನೂ, ನಮ್ಮ ಕೊಂಕಣಿಯ ಕುಮ್ಸಾರನ್ನು, ಅಲ್ಲೇ ಮೊದಲ ಸಲ ಕನ್ನಡದಲ್ಲಿ ಮಾಡಿದೆ. ‘ಅಸೂಯೆಪಟ್ಟೆ, ಅಸತ್ಯ ನುಡಿದೆ’ ಅಂದಾಗ ಪಾಪಗಳೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಂತಿದ್ದವು. ಫೋನಿನಲ್ಲಿ ಹೇಳಿದರೆ ಅಮ್ಮ ನಕ್ಕಳು. “ಅದು ಕುಮ್ಸಾರ್ ಅಲ್ಲ ಮಗಾ, ತಾಲ್ಲೂಕು ಆಫೀಸಿಗೆ ಕೊಟ್ಟ ಅರ್ಜಿ.”

ಈಗ ಧಾರವಾಡದಲ್ಲಿ ಊಟದ ಮುಂಚಿನ ಪ್ರಾರ್ಥನೆ ಅತ್ತೆಯ ಕನ್ನಡದಲ್ಲಿ, ನಾನೂ ‘ನೀನು’ ಅನ್ನುತ್ತೇನೆ. ತೇರ್ಸ್ ಮಾತ್ರ ನನ್ನದು. ಅದು ಅವರ ಪದ್ಧತಿಯಲ್ಲಿಲ್ಲ. ಒಳಕೋಣೆಯಲ್ಲಿ ಕೊಂಕಣಿಯಲ್ಲಿ ಹೇಳಿಕೊಳ್ಳುತ್ತೇನೆ, ಐದನೇ ಹತ್ತು ಮಣಿಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬರುತ್ತದೆ:

“ನಿನ್ನ ತೇರ್ಸು ಮುಗೀತೇನವಾ? ರೊಟ್ಟಿ ಆರಾಕತ್ತಾವ.”